ಸಾಧಾರಣ ಎಲೆ

ಯುದ್ಧದ ಕಾಲ, ಬಟ್ಟೆಗೂ ರೇಷನ್ ಬಂದಿತ್ತು. ಕುಮಟೆಯ ನಮ್ಮ ಓಣಿಯ ದರ್ಜಿಗೆ ಹೊಲಿಗೆ ಕಡಿಮೆ. ಹಾಗಾಗಿ ಸಂಜೆಯಾದರೆ ಅವನ ಅಂಗಡಿಯ ಜಗಲಿಯಲ್ಲಿ ಅವನೂ ಸೇರಿ ನಾವು ನಾಲ್ವರು ಇಸ್ಪೀಟಿಗೆ ಕೂರುತ್ತಿದ್ದೆವು. ಪಣಕ್ಕೆ ಹುಣಸೆಬೀಜ, ಒಂದು ಸಲಕ್ಕೆ ಒಂದೇ.

ಒಳ್ಳೆಯ ಎಲೆ ಬಂದರೆ ಅವನು ತಟ್ಟನೆ ಬೀಜ ಇಡುತ್ತಿದ್ದ. ಸಾಧಾರಣ ಎಲೆ ಬಂದರೆ ಮಾತ್ರ ಬೀಜವನ್ನು ಬೆರಳಲ್ಲೇ ತಿರುಗಿಸುತ್ತ, "ಇರ್ಲಿ, ನೋಡ್ವ" ಎಂದು ಸುಮ್ಮನಾಗುತ್ತಿದ್ದ.

ನನಗೆ ರೇಗುತ್ತಿತ್ತು. "ಇಡೂಕೆ ಎಂತ ಅಡ್ಡಿ ಮಾರಾಯಾ?"

"ನಾ ಇಟ್ರೆ ಸಣ್ಣ ಎಲೆಯವ್ರೆಲ್ಲ ಎಲೆ ಚೆಲ್ಲಿ ಏಳ್ತ್ರು. ನನ್ನ ಸೋಲ್ಸುವವ ಒಬ್ನೇ ಉಳೀತಾನೆ. ಇಡದಿದ್ರೆ ಎಲ್ರೂ ಕೂತಿರ್ತ್ರು."

ಅವನ ಹೆಂಡತಿ ಮುನಿಸಿಕೊಂಡು ಹೊಳನಗದ್ದೆಯ ತವರಿಗೆ ಹೋಗಿ ವರ್ಷ ದಾಟಿತ್ತು. ಒಂದು ಸಂಜೆ ಆ ಊರಿನ ಗಾಡಿಯವನು ಜಗಲಿಯೆದುರು ಎತ್ತು ನಿಲ್ಲಿಸಿದ.

"ಭಾವಾ, ಗಾಡಿ ಖಾಲಿ ಅದೆ. ಅಕ್ಕನ್ನ ಕರ್ಕಂಡು ಬರ್ವಾ?"

ದರ್ಜಿ ಒಳಗೆ ಹೋಗಿ ಇಸ್ತ್ರಿಯ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಒಂದು ಮೆಟ್ಟಿಲು ಇಳಿದವನು ನನ್ನತ್ತ ತಿರುಗಿದ. "ಅವ್ಳು ಬರೂದಿಲ್ಲ ಅಂದ್ರೆ?"

ನಾನು ಗಾಡಿಯತ್ತ ಕೈ ತೋರಿಸಿದೆ.

"ಇರ್ಲಿ, ನೋಡ್ವ" ಎಂದು ಗಾಡಿಯವನನ್ನು ಕಳಿಸಿ, ಮರಳಿ ಕೂತ.

ಕತ್ತಲಾಗುತ್ತಲೇ ನಾವು ಮೂವರೂ ಒಬ್ಬೊಬ್ಬರಾಗಿ ಮನೆಗೆ ಎದ್ದೆವು. ಓಣಿಯ ತಿರುವಿನಲ್ಲಿ ನಾನು ಹೊರಳಿ ನೋಡಿದೆ. ಅದೇ ಇಸ್ತ್ರಿಯ ಅಂಗಿಯಲ್ಲಿ ಕೂತು, ಅವನು ನಾಲ್ವರಿಗೂ ಎಲೆ ಹಂಚುತ್ತಿದ್ದ.