ಎಡಗೈಗೆ ಬಳಪ ಕೊಟ್ಟ ಸಾವಂತ್ರವ್ವ

1984ರ ಒಂದು ದಿನ, ಬೆಳಗಿನ ಐದೂವರೆ. ಬೆಳಗಾವಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಖಾನಾಪುರದ ಮೊದಲ ಬಸ್ಸಿಗೆ ಕಾಯುತ್ತ, ಸಾವಂತ್ರವ್ವ ಹಳೇ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಳಪಕ್ಕೆ ಸುತ್ತುತ್ತಿದ್ದಾರೆ. ಬಳಪ ದಪ್ಪಗಾದರೆ ಮಡಚದ ಬೆರಳಿಗೂ ಹಿಡಿತ ಸಿಗುತ್ತದೆ. ಸುತ್ತಿದ್ದು ಎರಡು ಸಲ ಜಾರುತ್ತದೆ. ಅವರಿಗೆ ಇಂದು ಹೆದರಿಕೆ.

ಪಾರಿಶ್ವಾಡದ ಕಡೆಯ ಶಾಲೆಯೊಂದರಲ್ಲಿ ಏಳು ವರ್ಷದ ಮಾಯಕ್ಕ ಇಂದು ತನ್ನ ಹೆಸರು ಬರೆದು ತೋರಿಸಬೇಕು. ಇಲ್ಲವಾದರೆ ಹಾಜರಿಯಿಂದ ಹೆಸರು ತೆಗೆಯುವುದಾಗಿ ಹೆಡ್‌ಮಾಸ್ತರ ಗುರುಪುತ್ರಪ್ಪ ಹೇಳಿಯಾಗಿದೆ. ಹುಡುಗಿಯ ಬಲಗೈ ಹುಟ್ಟಿನಿಂದಲೇ ಬಿಗಿದುಕೊಂಡಿದೆ, ಎಡಗೈ ಚುರುಕು. ಆದರೆ ಎಡಗೈಯಲ್ಲಿ ಬರೆದರೆ ವಿದ್ಯೆ ಹತ್ತುವುದಿಲ್ಲ ಎಂದು ಅಜ್ಜಿ ಕಾಡವ್ವನ ಹಟ, ಮಾಸ್ತರರದೂ ಅದೇ ರಾಗ. ಎಮ್ಮೆ ಹಿಂಡುವಾಗ ಮಾತ್ರ ಇವರಿಗೆಲ್ಲ ಎರಡೂ ಕೈ ಬೇಕು.

ಆಸ್ಪತ್ರೆಯೊಂದರ ಆಯಾ ಆಗಿದ್ದ ಸಾವಂತ್ರವ್ವ ಅಲ್ಲಿನ ಥೆರಪಿ ವಿಭಾಗದಲ್ಲಿ ನೋಡಿ ನೋಡಿ ಕಲಿತವರು. ಈಗ ವಾರಕ್ಕೆ ನಾಲ್ಕು ಶಾಲೆ, ಹನ್ನೊಂದು ಮಕ್ಕಳು. ಔದ್ಯೋಗಿಕ ಚಿಕಿತ್ಸೆ ಎಂಬ ದೊಡ್ಡ ಹೆಸರು ಅವರ ಬಾಯಿಗೆ ಬರುವುದಿಲ್ಲ. “ಗುಂಡಿ ಹಾಕ್ಕೊಳ್ಳೋದು, ಉಣ್ಣೋದು, ಬರಿಯೋದು. ಕೂಸು ತನ್ನ ಕೆಲಸ ತಾನ ಮಾಡ್ಕೊಳ್ಳಾಕ ಹಾದಿ ಹುಡುಕೋದ್ರಿ,” ಎನ್ನುತ್ತಾರೆ.

ಹೆದರಿಕೆಗೆ ಆರು ವರ್ಷ ವಯಸ್ಸು. 1978ರಲ್ಲಿ ನಿಂಗವ್ವ ಎಂಬ ಹುಡುಗಿಗೂ ಹೀಗೇ ಬಲಗೈ ಸೊಟ್ಟ. ಬಲಗೈ ಪಳಗಲಿ ಎಂದು ಹಿರಿಯರು ಹೇಳಿದಂತೆ ಸಾವಂತ್ರವ್ವ ಅವಳ ಎಡಗೈಯನ್ನು ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿಬಿಟ್ಟರು. ಹುಡುಗಿ ಶಾಲೆಯ ಮೆಟ್ಟಿಲಲ್ಲಿ ಎಡವಿದಳು. ಊರಿಕೊಳ್ಳಲು ಕೈ ಇರಲಿಲ್ಲ. ಗದ್ದ ಒಡೆಯಿತು. ಅವಳು ಮತ್ತೆ ಶಾಲೆಗೆ ಬರಲಿಲ್ಲ.

ಇಂದು ಹತ್ತು ಗಂಟೆ, ಮಾಯಕ್ಕನ ಶಾಲೆ. ಕಾಡವ್ವ ಬಾಗಿಲಲ್ಲಿ ನಿಂತಿದ್ದಾಳೆ. ಬಲಗೈಲೇ ಬರೆಯಬೇಕು ಎನ್ನುತ್ತಾರೆ ಮಾಸ್ತರರು. ಮಾಯಕ್ಕನ ಬಳಪ ಜಾರಿ ಬಿದ್ದು ಎರಡು ತುಂಡಾಗುತ್ತದೆ. ಹುಡುಗಿಯ ಕಣ್ಣು ತುಂಬುತ್ತದೆ. ಮಾಸ್ತರರು ಹಾಜರಿ ಪುಸ್ತಕ ತೆರೆದು ಪೆನ್ನಿನ ಟೊಪ್ಪಿಗೆ ತೆಗೆಯುತ್ತಾರೆ.

ಸಾವಂತ್ರವ್ವನಿಗೆ ಗೊತ್ತು, ಇಲ್ಲಿ ಎದುರು ಮಾತಾಡಿದರೆ ಉಳಿದ ಹತ್ತು ಮಕ್ಕಳ ಶಾಲೆಗಳ ಬಾಗಿಲೂ ತಮಗೆ ಮುಚ್ಚಬಹುದು. ಆದರೂ ಸ್ಲೇಟಿನ ಪಾಟಿ ಸರಿಯದಂತೆ ಅಡಿಗೆ ಒದ್ದೆ ಅರಿವೆ ಹಾಸಿ, ಟ್ಯೂಬು ಸುತ್ತಿದ ಇನ್ನೊಂದು ಬಳಪವನ್ನು ಹುಡುಗಿಯ ಎಡಗೈಗೆ ಕೊಡುತ್ತಾರೆ.

“ಸರ, ಆ ಕೈ ನಾ ಇನ್ನ ಕಟ್ಟಂಗಿಲ್ಲ. ಆಕಿ ಬರೀಲಿ, ಆಮ್ಯಾಲ ಹೆಸರು ತಗೀರಿ.”

ಮಾಯಕ್ಕ ಬರೆಯುತ್ತಾಳೆ. ಮೂರು ಅಕ್ಷರಕ್ಕೆ ಇಡೀ ಪಾಟಿ ಬೇಕಾಗುತ್ತದೆ. ಒತ್ತು ಕೆಳಗೆಲ್ಲೋ ಜಾರಿದೆ, ಆದರೂ ಹೆಸರು ಹೆಸರೇ. ಕಾಡವ್ವನಿಗೆ ಓದು ಬರುವುದಿಲ್ಲ. ಇದು ಖರೇನ ನಮ್ಮ ಹುಡುಗಿ ಹೆಸರೇನ್ರಿ ಎಂದು ಮಾಸ್ತರರನ್ನೇ ಕೇಳುತ್ತಾಳೆ. ಅವರು ಹೌದೆಂದು ಪೆನ್ನು ಮುಚ್ಚುತ್ತಾರೆ. ದೀಪಾವಳಿತನಕ ನೋಡೋಣ ಎನ್ನುತ್ತಾರೆ, ಅಷ್ಟೇ.

ಮರಳಿ ಬಸ್ಸಿಗೆ ಕಾಯುವಾಗ ಸಾವಂತ್ರವ್ವ ಇನ್ನೊಂದು ಬಳಪಕ್ಕೆ ಟ್ಯೂಬು ಸುತ್ತುತ್ತಾರೆ. ನಿಮಗೇನು ಬೇಕು ಎಂದು ಜೊತೆಗಿದ್ದ ನಾನು ಕೇಳಿದರೆ, ಸುತ್ತುತ್ತಲೇ ಹೇಳುತ್ತಾರೆ.

“ನಿಂಗವ್ವ ಎಲ್ಯಾರ ಸಿಗಬೇಕ್ರಿ. ಯಾವ ಕೈಲೆ ಉಣ್ತಿ ಅವ್ವಾ ಅಂತ ಕೇಳಬೇಕು. ಎಡಗೈಲೆ ಅಂದ್ಳಂದ್ರ ಸಾಕು.”