ಉಜ್ಜಿ ಹೊಳೆಸಿದ ಕಾವಲಿ

ಆ ಕಬ್ಬಿಣದ ಕಾವಲಿಗೆ ನಾನು ಕೊಟ್ಟದ್ದು ಆರು ಸಾವಿರ. ಗುಜರಿಗೆ ತೂಕಕ್ಕೆ ಹಾಕಿದ್ದರೆ ಸಾವಿರವೂ ಹುಟ್ಟುತ್ತಿರಲಿಲ್ಲ. ಆದರೂ ಕೊಟ್ಟೆ. ಸುರತ್ಕಲ್ಲಿನ ಆ ಸಣ್ಣ ಬ್ಯಾರಿ ಹೋಟೆಲಿನಲ್ಲಿ ನಾನು ಎಷ್ಟೋ ವರ್ಷ ನೀರುದೋಸೆ ತಿಂದವನು. ಮಡಚಿಟ್ಟ ತೆಳು ಬಟ್ಟೆಯ ಹಾಗಿರುತ್ತಿತ್ತು, ಒಂದು ದಿನವೂ ಹರಿದದ್ದಿಲ್ಲ. ಗುಟ್ಟು ಕಾವಲಿಯಲ್ಲೇ ಇದೆ ಎಂದು ನನ್ನ ಲೆಕ್ಕ.

ಮುಚ್ಚುವ ಹೋಟೆಲುಗಳ ಅಡುಗೆಮನೆ ಕೊಂಡು, ತೆರೆಯುವವರಿಗೆ ಮಾರುವುದು ನನ್ನ ಕಸುಬು. ಕಾವೂರಿನಲ್ಲಿ ಒಂದು ಶೆಡ್ ಇದೆ. ಈ ಊರಿನಲ್ಲಿ ಯಾವ ಹೋಟೆಲಿನ ಫ್ರಿಜ್ ಈಗ ಯಾವ ಹೋಟೆಲಿನಲ್ಲಿ ಸದ್ದು ಮಾಡುತ್ತಿದೆ ಎಂದು ಕೇಳಿದರೆ ಹೇಳಬಲ್ಲೆ. ಸುರತ್ಕಲ್ಲಿನ ಕಟ್ಟಡ ಕೆಡವುತ್ತಾರೆಂದು ಗೊತ್ತಾದ ದಿನವೇ ಹೋಗಿ, ದುಡ್ಡು ಎಣಿಸುವ ಗಲ್ಲದಲ್ಲಿ ಕೂತಿದ್ದ ಯಜಮಾನನ ಜೊತೆ ಚೌಕಾಸಿ ಮಾಡಿ ಒಲೆಯಿಂದ ಸೌಟಿನವರೆಗೆ ಎತ್ತಿಕೊಂಡು ಬಂದೆ.

ನನ್ನ ಶೆಡ್ಡಿನಿಂದ ಯಾವ ಸಾಮಾನೂ ಮಾಸಿದ ಮುಖದಲ್ಲಿ ಹೊರಗೆ ಹೋಗುವುದಿಲ್ಲ. ಹಳೆಯದನ್ನು ಕೊಳ್ಳುವವನ ಕಣ್ಣಿಗೆ ಅದು ಹೊಸದರ ತಮ್ಮನ ಹಾಗೆ ಕಾಣಬೇಕು. ಕಾವಲಿಗೂ ಗ್ರೈಂಡಿಂಗ್ ಮೆಷಿನ್ ಹಿಡಿಸಿದೆ. ಕಪ್ಪೆಲ್ಲ ಹೋಗಿ ಬೆಳ್ಳಿಯ ಹಾಗೆ ಹೊಳೆಯಿತು.

ಕೊಂಡವರು ದೇರೆಬೈಲಿನ ಒಬ್ಬ ಅಕ್ಕ. ಗಲ್ಫಿನ ಕ್ಯಾಂಟೀನೊಂದರಲ್ಲಿ ವರ್ಷಗಟ್ಟಲೆ ದುಡಿದು, ಉಳಿಸಿದ್ದನ್ನೆಲ್ಲ ಒಂದು ಹೋಟೆಲಿಗೆ ಸುರಿದಿದ್ದರು. ನೀರುದೋಸೆ, ಕೋಳಿ ಸುಕ್ಕ, ಅಷ್ಟೇ. ಬೇರೆ ಏನೂ ಇಲ್ಲ. ಬುಧವಾರ ಬೆಳಿಗ್ಗೆ ಹೋಟೆಲು ತೆರೆಯುವುದೆಂದು ನೆಂಟರಿಗೆ, ನೆರೆಯವರಿಗೆ ಹೇಳಿಯಾಗಿತ್ತು. ಸೋಮವಾರ ನನಗೆ ಫೋನ್ ಬಂತು.

ಹೋಗಿ ನೋಡಿದರೆ ಹಿಟ್ಟು ಕಾವಲಿಗೆ ಅಂಟಿದ್ದು ಏಳುತ್ತಲೇ ಇಲ್ಲ. ಕೆರೆದರೆ ಚಿಂದಿ ಚಿಂದಿ. ನಾನು ಅಕ್ಕಿಯನ್ನು ದೂರಿದೆ, ನೆನೆಸಿದ ಹೊತ್ತನ್ನು ದೂರಿದೆ, ಗ್ಯಾಸಿನ ಉರಿಯನ್ನೂ ಬಿಡಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡು ಸಟ್ಟುಗ ಕೆಳಗಿಟ್ಟರು.

"ಅಣ್ಣ, ಅಕ್ಕಿ ನನ್ನದು, ನೀರು ನನ್ನದು. ಕಾವಲಿ ನಿಮ್ಮದು. ಮೊದಲು ಇದರಲ್ಲಿ ದೋಸೆ ಹೊಯ್ತಿದ್ದದ್ದು ಯಾರು?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ತಿಂದಿದ್ದೆ, ಒಂದು ದಿನವೂ ಒಳಗೆ ಇಣುಕಿರಲಿಲ್ಲ. ಚೌಕಾಸಿಯೂ ಗಲ್ಲದವನ ಜೊತೆಗೇ. ನಾಚಿಕೆಗಿಂತ ಹೆಚ್ಚಾಗಿ ಕುತೂಹಲ ಹತ್ತಿತು. ಅಲ್ಲಿಂದಲೇ ಸುರತ್ಕಲ್ಲಿಗೆ ಗಾಡಿ ತಿರುಗಿಸಿದೆ.

ಹೊಯ್ಯುತ್ತಿದ್ದದ್ದು ಆ ಯಜಮಾನನ ತಾಯಿ. ಮನೆಯ ಜಗಲಿಯಲ್ಲಿ ಮೀನು ಕೊಯ್ಯುತ್ತಾ ಕೂತಿದ್ದರು. ಎಲ್ಲರೂ ಅವರನ್ನು ಉಮ್ಮ ಎನ್ನುತ್ತಿದ್ದರು, ನಾನೂ ಅಂದೆ. ಅವರು ಮೊದಲು ವಿಚಾರಿಸಿದ್ದು ಕಾವಲಿಯನ್ನು, ಮದುವೆ ಮಾಡಿಕೊಟ್ಟ ಮಗಳನ್ನು ವಿಚಾರಿಸುವ ಹಾಗೆ. ನಾನು ಹೆಮ್ಮೆಯಿಂದ ಫೋನಿನಲ್ಲಿ ಫೋಟೋ ತೋರಿಸಿದೆ. ಕೈ ಒರೆಸಿಕೊಂಡು, ಫೋಟೋ ದೊಡ್ಡದು ಮಾಡಿ ನೋಡಿದರು.

"ಇದನ್ನು ಉಜ್ಜಿದ್ದು ಯಾರು?"

"ಕೊಳೆ ಇತ್ತು ಉಮ್ಮ, ತೆಗೆಸಿದೆ."

"ಕೊಳೆ ತೆಗೆಯುವುದು ಅಂತ ಚರ್ಮವನ್ನೇ ಸುಲಿದಿದ್ದೀಯಲ್ಲ ಮಾರಾಯ. ನನ್ನ ಮಗ ಕೂಡ ಅದಕ್ಕೆ ಸೋಪು ಮುಟ್ಟಿಸ್ಲಿಕ್ಕೆ ಹೆದರ್ತಿದ್ದ."

ಆ ಕಪ್ಪು, ದಿನದಿನವೂ ಸವರಿದ ಎಣ್ಣೆ ಕಾದು ಕಾದು ಕಟ್ಟಿದ ಪದರವಂತೆ. ಅದರಲ್ಲಿ ಮೊಟ್ಟೆ ಹೊಯ್ಯಬಾರದು, ಮೀನು ಹುರಿಯಬಾರದು. ಸರಿಮಾಡುವ ಕ್ರಮ ಹೇಳಿ ಎಂದು ಕೇಳಿದೆ. ಬಾಯಲ್ಲಿ ಹೇಳಿದರೆ ನಿನಗೆ ತಲೆಗೆ ಹೋಗಲಿಕ್ಕಿಲ್ಲ ಎಂದು, ಮೀನನ್ನು ಸೊಸೆಗೆ ಒಪ್ಪಿಸಿ ಗಾಡಿ ಹತ್ತಿದರು.

ಅಕ್ಕನ ಹೋಟೆಲಿನಲ್ಲಿ ಎರಡು ದಿನ ಅವರದ್ದು ಒಂದೇ ಕೆಲಸ. ಕಾಯಿಸುವುದು, ಅರ್ಧ ಈರುಳ್ಳಿಯನ್ನು ತೆಂಗಿನೆಣ್ಣೆಗೆ ಅದ್ದಿ ತಿಕ್ಕುವುದು, ಹೊಗೆ ಬಿಡಿಸಿ ಆರಿಸುವುದು, ಮತ್ತೆ ಕಾಯಿಸುವುದು. ಕೆಟ್ಟ ದೋಸೆಗಳೆಲ್ಲ ನೆರೆಮನೆಯ ಕೋಳಿಗಳಿಗೆ ಹೋದವು. ಮಂಗಳವಾರ ಸಂಜೆಗೆ ನಡುಭಾಗ ಒಪ್ಪಿಕೊಂಡಿತು, ಅಂಚು ಒಪ್ಪಲಿಲ್ಲ. ಅಕ್ಕನ ಮುಖ ಬಾಡಿತು. ತೆರೆಯುವ ದಿನವನ್ನು ಮುಂದೂಡಿದರೆ ಕರೆದವರೆದುರು ಮಾನ ಹೋಗುತ್ತದೆ, ಹರಿದ ದೋಸೆ ಬಡಿಸಿದರೆ ಅವರು ಮತ್ತೆ ಬರುವುದಿಲ್ಲ.

ಉಮ್ಮ ಸೌಟು ಬದಲಿಸಿದರು. ಸಣ್ಣ ಸೌಟಿನಿಂದ, ನಡುವಿನಲ್ಲಿ ಮಾತ್ರ, ಅಂಗೈಯಷ್ಟು ಹೊಯ್ದು ಮುಚ್ಚಿದರು. ಎದ್ದಿತು.

"ದೊಡ್ಡದೇ ಬೇಕು ಅಂತ ಯಾರು ಹೇಳಿದ್ದು ಮಾರಾಯ್ತಿ? ಪ್ಲೇಟಿಗೆ ಆರು ಇಡು."

ಬುಧವಾರ ಹಾಗೆಯೇ ಬಡಿಸಿದರು. ಜನ ಅದನ್ನು ಆ ಹೋಟೆಲಿನ ಪದ್ಧತಿ ಎಂದೇ ತಿಳಿದರು. ಈಗ ಕಾವಲಿ ಅಂಚಿನವರೆಗೂ ಕಪ್ಪಾಗಿದೆ, ದೋಸೆ ಮಾತ್ರ ಅಂಗೈಯಷ್ಟೇ. ಉಮ್ಮ ಶುಕ್ರವಾರ ಬಿಟ್ಟು ಎಲ್ಲ ಬೆಳಿಗ್ಗೆ ಅಲ್ಲಿರುತ್ತಾರೆ. ಸಂಬಳ ಮಾತಾಡುವಾಗ ಅವರು ಚೌಕಾಸಿ ಮಾಡಿದ್ದನ್ನು ನಾನು ಪಕ್ಕದಲ್ಲಿ ನಿಂತು ಕಲಿತೆ. ಅವರ ಮೊದಲ ತಿಂಗಳ ರಿಕ್ಷಾ ಬಾಡಿಗೆ ನನ್ನ ತಲೆಗೇ ಬಂತು.

ನೀವು ಹಳೆಯ ಅಡುಗೆಮನೆ ಕೊಳ್ಳುವವರಾದರೆ ಒಂದು ಮಾತು. ಫ್ರಿಜ್ಜನ್ನು ಉಜ್ಜಿಸಿ, ಬೆಂಚನ್ನು ಉಜ್ಜಿಸಿ. ಕಾವಲಿಯನ್ನು ಕಪ್ಪಾಗಿದ್ದ ಹಾಗೆಯೇ ತನ್ನಿ. ಅದರಲ್ಲಿ ಏನು ಬೇಯುತ್ತಿತ್ತೆಂದು ಕೇಳಿ. ದರ ಮಾತಾಡುವ ಮೊದಲು ಗಲ್ಲ ದಾಟಿ ಒಳಗೆ ಹೋಗಿ, ಒಲೆಯ ಮುಂದೆ ನಿಂತಿರುವವರ ಫೋನ್ ನಂಬರ್ ಬರೆದುಕೊಳ್ಳಿ.