ಯಾರೂ ನಂಬದ ಹಸಿವು

ನನ್ನ ನಾದಿನಿಯ ಪೂರ್ತಿ ಹೆಸರು ಬಸವರಾಜೇಶ್ವರಿ. ಮನೆಯಲ್ಲಿ ರಾಜೇಶ್ವರಿ ಎನ್ನುತ್ತಿದ್ದರು. ೧೯೮೧ರಲ್ಲಿ ನಾನು ಮದುವೆಯಾಗಿ ಬಸವೇಶ್ವರನಗರದ ಆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು ವರ್ಷ. ಮಾವ ಶಂಭುಲಿಂಗಪ್ಪನವರು ಚಿತ್ರದುರ್ಗದ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ಅತ್ತೆ ಶಿವಗಂಗಮ್ಮ, ನನ್ನ ಗಂಡ ಪಂಚಾಕ್ಷರಿ, ರಾಜೇಶ್ವರಿ, ನಾನು. ಮನೆಯಲ್ಲಿದ್ದವರು ಇಷ್ಟೇ ಜನ.

ರಾಜೇಶ್ವರಿ ದಪ್ಪಗಿದ್ದಳು. ಹುಟ್ಟಿನಿಂದಲೂ ಹಾಗೆಯೇ, ಅವಳ ಅಜ್ಜಿಯದೂ ಅದೇ ಮೈಕಟ್ಟಂತೆ. ಆ ಮೈಯಲ್ಲಿ ಅವಳು ಚುರುಕಾಗಿ ಓಡಾಡುತ್ತಿದ್ದಳು. ರಾಜಾಜಿನಗರದಲ್ಲಿ ರೇವಣಸಿದ್ದಯ್ಯ ಎಂಬವರು ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸುತ್ತಿದ್ದಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪಾಸಾಗಿತ್ತು. ಕೆಲಸ ಸಿಗದೆ ಪೆಚ್ಚಾಗಿದ್ದ ಹುಡುಗರು ಹುಡುಗಿಯರೆಲ್ಲ ಅವಳ ಕೈಯಲ್ಲಿ ಕಲಿತು ಕಚೇರಿ ಸೇರಿದರು. ಯಾರಾದರೂ ದಾರಿಯಲ್ಲಿ ನಿಲ್ಲಿಸಿ "ಮಿಸ್, ನಂಗೆ ಆರ್ಡರ್ ಬಂತು" ಎಂದರೆ ಆ ದಿನವೆಲ್ಲ ಅವಳ ಮುಖ ಅರಳಿರುತ್ತಿತ್ತು.

ಅವಳನ್ನು ನೋಡಲು ಮೂರು ಗಂಡಿನ ಕಡೆಯವರು ಬಂದು ಹೋದರು. ಮೊದಲ ಇಬ್ಬರು ಏನೂ ಹೇಳಿ ಕಳಿಸಲಿಲ್ಲ. ತುಮಕೂರಿನಿಂದ ಬಂದ ಮೂರನೆಯವರು ಅವಲಕ್ಕಿ ತಿಂದು, ಕಾಫಿ ಕುಡಿದು, ಅವಳ ಎದುರಿಗೇ ಮಾವನಿಗೆ ಹೇಳಿದರು: "ಹುಡುಗಿ ಗುಣ ಎಲ್ಲ ಚೆನ್ನಾಗಿದೆ ಸ್ವಾಮಿ. ಒಂದಿಷ್ಟು ಇಳಿಸ್ಕೊಳ್ಲಿ, ಆಮೇಲೆ ನೋಡೋಣ." ಮಾವ ತಲೆಯಾಡಿಸಿದರು. ರಾಜೇಶ್ವರಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದವಳು ಅವನ್ನು ತೊಳೆದ ಮೇಲೂ ಮತ್ತೆ ಮತ್ತೆ ತೊಳೆಯುತ್ತಲೇ ಇದ್ದಳು.

ಹತ್ತಿರದ ಡಾಕ್ಟರೊಬ್ಬರ ಬಳಿ ಮಾವನೇ ಕರೆದುಕೊಂಡು ಹೋದರು. ಆತ ಬಾಯಿ ಕಟ್ಟಬೇಕೆಂದು ಹೇಳಿ, ಏನು ತಿನ್ನಬೇಕು ಏನು ತಿನ್ನಬಾರದು ಎಂದು ಅಚ್ಚು ಹಾಕಿಸಿದ ಕಾಗದವೊಂದನ್ನು ಕೊಟ್ಟರು. ರಾಜೇಶ್ವರಿ ಆ ಕಾಗದದಲ್ಲಿದ್ದುದಕ್ಕಿಂತಲೂ ಕಡಿಮೆ ಮಾಡಿದಳು. ಮೊದಲು ಸೋಮವಾರ ಒಪ್ಪತ್ತು ಶುರುವಾಯಿತು. ಆಮೇಲೆ ಗುರುವಾರ, ಆಮೇಲೆ ಶನಿವಾರ. ಶಿವಪೂಜೆ ಮಾಡಿ ಒಂದು ಚಮಚ ತೀರ್ಥ ತಗೊಂಡು ಎದ್ದುಬಿಡುತ್ತಿದ್ದಳು. ಮಗಳಿಗೆ ದೇವರ ಮೇಲೆ ಎಷ್ಟು ಭಕ್ತಿ ಎಂದು ಅತ್ತೆ ಅಕ್ಕಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಿದ್ದರು. ಅವಳು ಇಳಿದಳು. ಬೀದಿಯವರೆಲ್ಲ ಹೊಗಳಿದರು. ನಾನೂ ಹೊಗಳಿದೆ. ಅವಳ ರವಿಕೆಗಳನ್ನು ಬಿಚ್ಚಿ ಒಳಗೆ ಹಿಡಿದು ಹೊಲಿದುಕೊಟ್ಟವಳು ನಾನೇ. ಪ್ರತಿ ಸಲ ಇನ್ನೊಂದು ಬೆರಳಗಲ ಹಿಡಿಯುವಾಗ ಹೆಮ್ಮೆಯಾಗುತ್ತಿತ್ತು. ಅವಳ ತಲೆಗೂದಲು ಬಚ್ಚಲಿನ ತೂಬಿನಲ್ಲಿ ಉಂಡೆಯುಂಡೆಯಾಗಿ ಸಿಗುತ್ತಿದ್ದುದನ್ನೂ, ತಿಂಗಳ ಮುಟ್ಟು ನಿಂತುಹೋದುದನ್ನೂ ನಾನು ಕಂಡಿದ್ದೆ. ಕಂಡೂ ಸುಮ್ಮನಿದ್ದೆ.

ಅಷ್ಟು ದಿನ ಬಿಗಿಹಿಡಿದ ಹಸಿವು ಒಂದು ದಿನ ಕಟ್ಟೆಯೊಡೆಯಿತು. ೧೯೮೩ರ ದೀಪಾವಳಿಯ ಮರುವಾರ ರಾಜೇಶ್ವರಿಯನ್ನು ಬಿಟ್ಟು ನಾವೆಲ್ಲ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ನನ್ನ ಮೊದಲ ಕೂಸು ಅಳುತ್ತಿತ್ತೆಂದು ನಾನೊಬ್ಬಳೇ ಬೇಗ ಮರಳಿದೆ. ಅಡುಗೆಮನೆಯ ನೆಲದ ಮೇಲೆ ರಾಜೇಶ್ವರಿ ಕೂತಿದ್ದಳು. ಮುಂದೆ ಚಕ್ಕುಲಿ ಡಬ್ಬ ಖಾಲಿ, ಕರ್ಜಿಕಾಯಿಯ ಡಬ್ಬ ಖಾಲಿ, ಹಿಂದಿನ ದಿನದ ಅನ್ನದ ಪಾತ್ರೆಯೂ ಖಾಲಿ. ನನ್ನನ್ನು ಕಂಡು ಅವಳು ಬಚ್ಚಲಿಗೆ ಓಡಿದಳು. ಒಳಗಿನಿಂದ ವಾಂತಿಯ ಸದ್ದು ಬಂತು. ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡಳು. ನಾನು ಹೇಳಲಿಲ್ಲ, ಆದರೆ ಡಬ್ಬಗಳೇ ಹೇಳಿದವು. ಅಂದಿನಿಂದ ಅವಳು ಮನೆಯಲ್ಲಿ ಕದ್ದು ತಿನ್ನುವವಳಾದಳು. ಅಡುಗೆಮನೆಯ ಕಪಾಟಿಗೆ ನನ್ನ ಗಂಡ ಬೀಗ ತಂದು ಹಾಕಿದರು. ಬೀಗದ ಕೈ ಅತ್ತೆಯ ಸೆರಗಿನಲ್ಲಿರುತ್ತಿತ್ತು. ದಿನಗಟ್ಟಲೆ ಉಪವಾಸ, ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುವುದು, ತಿಂದದ್ದನ್ನು ಕಕ್ಕುವುದು. ಇಷ್ಟಾದರೂ ಇಳಿಯುವುದು ನಿಂತುಹೋಗಿತ್ತು. ನೋಡಿದವರ ಕಣ್ಣಿಗೆ ಅವಳು ಈಗಲೂ ದಪ್ಪ ಹೆಂಗಸೇ.

ಮುಂದಿನ ಬೇಸಿಗೆಯಲ್ಲಿ ಬಸ್ಸಿನಲ್ಲಿ ತಲೆ ಸುತ್ತಿ ಬಿದ್ದಳು. ಯಾರೋ ಪುಣ್ಯಾತ್ಮರು ಒಂದು ಆಸ್ಪತ್ರೆಗೆ ಸೇರಿಸಿ ಹೇಳಿ ಕಳಿಸಿದರು. ನಾನು ಹೋದಾಗ ಅಲ್ಲಿನ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದರು. ತಿನ್ನುವುದನ್ನು ಕಡಿಮೆ ಮಾಡೆಂದು ಹೇಳುತ್ತಿದ್ದರು. ರಾಜೇಶ್ವರಿ ಮೆಲ್ಲಗೆ, "ಮೂರು ದಿನದಿಂದ ಏನೂ ತಿಂದಿಲ್ಲ ಸಾರ್" ಎಂದಳು.

ಡಾಕ್ಟರು ನಕ್ಕರು. "ಹಾಗಾದ್ರೆ ಗಾಳಿ ಕುಡಿದು ಹೀಗಾದ್ಯೇನಮ್ಮ?"

ಪಕ್ಕದ ನರ್ಸೂ ನಕ್ಕಳು. ಆಮೇಲೆ ರಾಜೇಶ್ವರಿ ಯಾವ ಡಾಕ್ಟರಿಗೂ ತಾನಾಗಿ ಏನನ್ನೂ ಹೇಳಲಿಲ್ಲ.

ವಿಜಯನಗರದ ವಿಮಲಮ್ಮ ಡಾಕ್ಟರು ಸಿಕ್ಕಿದ್ದು ಆಕಸ್ಮಿಕ. ನನ್ನ ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆ, ಮಗುವನ್ನು ಎತ್ತಿಕೊಳ್ಳಲು ರಾಜೇಶ್ವರಿ ಜೊತೆಗೆ ಬಂದಿದ್ದಳು. ವಿಮಲಮ್ಮ ಐವತ್ತು ದಾಟಿದವರು, ಮಾತು ಕಡಿಮೆ. ಮಗುವಿನ ಕೆಲಸ ಮುಗಿದ ಮೇಲೆ ಅವರು ರಾಜೇಶ್ವರಿಯ ಬಲಗೈಯನ್ನು ಹಿಡಿದು ನೋಡಿದರು. ಕಕ್ಕಲೆಂದು ಗಂಟಲಿಗೆ ಬೆರಳು ಹಾಕುವಾಗ ಗೆಣ್ಣುಗಳ ಮೇಲೆ ಹಲ್ಲು ತಾಗಿ ಆದ ಗಾಯ ಜಡ್ಡುಗಟ್ಟಿತ್ತು. ಅವಳು ಕೈ ಎಳೆದುಕೊಂಡು ಮೂಲೆಯಲ್ಲಿದ್ದ ತೂಕದ ಯಂತ್ರದ ಕಡೆ ನೋಡಿದಳು.

"ಅದು ಬೇಡಮ್ಮ," ಎಂದರು ವಿಮಲಮ್ಮ. "ಬೆಳಿಗ್ಗೆಯಿಂದ ಏನು ತಿಂದಿದೀಯ, ಅದನ್ನ ಹೇಳು."

ಅವಳು ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟು ವಿಮಲಮ್ಮ ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ.

"ನೀನು ಹಸ್ಕೊಂಡು ಸಾಯ್ತಾ ಇದೀಯ ಕಣಮ್ಮ. ಮೈ ದಪ್ಪ ಇದೆ ಅಂತ ಹಸಿವು ನಿನ್ನ ಬಿಟ್ಬಿಡಲ್ಲ. ನಾನು ಓದಿದ ಪುಸ್ತಕದಲ್ಲಿ ಈ ಕಾಯಿಲೆ ಎಲುಬು ಕಾಣೋ ಹುಡುಗೀರಿಗೆ ಮಾತ್ರ ಬರೋದು. ಪುಸ್ತಕ ತಪ್ಪಿದ್ರೂ ತಪ್ಪಿರ್ಬೋದು. ನಾನು ನಿನ್ನ ನಂಬ್ತೀನಿ."

ರಾಜೇಶ್ವರಿ ನನ್ನ ಮಗುವನ್ನು ಎದೆಗೊತ್ತಿಕೊಂಡು ಅತ್ತಳು.

ವಿಮಲಮ್ಮ ಹೇಳಿದ್ದು ಕೇಳಲು ಸುಲಭ. ಹೊತ್ತು ಹೊತ್ತಿಗೆ ಮೂರು ಸಲ ಊಟ, ನಡುವೆ ಏನಾದರೂ ಒಂದಿಷ್ಟು. ಯಾವ ತಿಂಡಿಗೂ ನಿಷೇಧವಿಲ್ಲ. ಒಬ್ಬಳೇ ಕೂತು ಉಣ್ಣಬಾರದು. ಉಪವಾಸ ಪೂರ್ತಿ ನಿಲ್ಲಬೇಕು. ತೂಕ ನೋಡುವುದಿಲ್ಲ, ಅದರ ಮಾತೂ ಇಲ್ಲ. ಕಪಾಟಿನ ಬೀಗ ತೆಗೆಯಬೇಕು. ವಾರಕ್ಕೊಮ್ಮೆ ತಾವೇ ಕೂರಿಸಿಕೊಂಡು ಮಾತಾಡುತ್ತಿದ್ದರು. ಮನಸ್ಸಿನ ಡಾಕ್ಟರೊಬ್ಬರಿಗೆ ತೋರಿಸೋಣವೆಂದೂ ಕೇಳಿದರು. ಅದಕ್ಕೆ ಮಾವ ಒಪ್ಪಲಿಲ್ಲ. ಹುಚ್ಚಿ ಎಂಬ ಹೆಸರು ಬಂದರೆ ಮದುವೆ ಮುಗಿದಂತೆಯೇ ಎಂದರು. ಬೀಗವನ್ನು ಮಾತ್ರ ನಾನೇ ಜಗಳವಾಡಿ ತೆಗೆಸಿದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ದಿನಾ ಮಧ್ಯಾಹ್ನ ಒಂದು ಗಂಟೆಗೆ ನಾವಿಬ್ಬರೂ ಎದುರುಬದುರು ಕೂತು ಉಂಡೆವು. ಮೊದಮೊದಲು ಒಂದು ಜೋಳದ ರೊಟ್ಟಿ ಮುಗಿಸಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಉಂಡ ಮೇಲೆ ಬಚ್ಚಲಿಗೆ ಹೋಗಬಾರದೆಂದು ನನ್ನ ಸೆರಗಿನ ತುದಿ ಹಿಡಿದುಕೊಂಡು ಕೂರುತ್ತಿದ್ದಳು. ನಾನು ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಏನಾದರೂ ಮಾತಾಡುತ್ತಿದ್ದೆ. ಎಷ್ಟೋ ದಿನ ಸೋತಳು. ಸೋತ ದಿನವನ್ನೂ ಮುಚ್ಚಿಡದೆ ವಿಮಲಮ್ಮನಿಗೆ ಹೇಳುತ್ತಿದ್ದಳು. ಅವರು ಒಮ್ಮೆಯೂ ಗದರಲಿಲ್ಲ. ಮುಟ್ಟು ಮರಳಿತು. ಕೂದಲು ಉದುರುವುದು ನಿಂತಿತು. ಒಂದು ಸಂಜೆ ಇನ್‌ಸ್ಟಿಟ್ಯೂಟಿನಿಂದ ಬರುವಾಗ ನನಗೂ ತನಗೂ ಎರಡು ಪೊಟ್ಟಣ ಖಾರಾ ಮಂಡಕ್ಕಿ ತಂದಳು. ಜಗುಲಿಯಲ್ಲಿ ಎಲ್ಲರಿಗೂ ಕಾಣುವಂತೆ ಕೂತು ತಿಂದೆವು. ಅವಳು ಬೀದಿಗೆ ಮುಖ ಮಾಡಿ ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆದರೆ ಅವಳು ಮೊದಲಿನಂತೆ ದಪ್ಪಗೂ ಆದಳು. ಮನೆಯವರಿಗೆ ಕಂಡದ್ದು ಅದೊಂದೇ. ಆ ಡಾಕ್ಟರಮ್ಮ ಮಗಳನ್ನು ಕೆಡಿಸಿದರು ಎಂದು ಅತ್ತೆ ಬಂದವರ ಮುಂದೆಲ್ಲ ಹೇಳತೊಡಗಿದರು.

೧೯೮೫ರ ಶ್ರಾವಣದಲ್ಲಿ ನಾನು ಎರಡನೆಯ ಹೆರಿಗೆಗೆ ತಿಪಟೂರಿನ ತವರಿಗೆ ಹೋದೆ. ಹೊರಡುವಾಗ, ಒಂದು ಗಂಟೆಗೆ ಊಟಕ್ಕೆ ಅಮ್ಮನನ್ನು ಜೊತೆಗೆ ಕೂರಿಸಿಕೋ ಎಂದೆ. ಆಗಲಿ ಎಂದಳು. ಮೊದಲ ಎರಡು ತಿಂಗಳು ಕಾಗದ ಬರೆದಳು. ಆಮೇಲೆ ಬರೆಯಲಿಲ್ಲ. ಆ ನಡುವೆ ಕೆಂಗೇರಿ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಗಂಡಿನ ತಾಯಿಯೂ ಇಳಿಸಬೇಕೆಂಬ ಮಾತೆತ್ತಿದ್ದರು. ಮಾವ ಅವಳನ್ನು ಮತ್ತೊಬ್ಬ ಡಾಕ್ಟರ ಬಳಿಗೆ ಕರೆದೊಯ್ದಿದ್ದರು. ಹಸಿವಾಗದಿರಲು ಒಂದು ಮಾತ್ರೆ, ಮೈಯ ನೀರು ಇಳಿಯಲು ಇನ್ನೊಂದು. ವಿಮಲಮ್ಮನ ಕ್ಲಿನಿಕ್ಕಿಗೆ ಹೋಗಕೂಡದೆಂದು ಅಪ್ಪಣೆಯಾಗಿತ್ತು. ಅವಳು ಅಪ್ಪನ ಮಾತಿಗೆ ಎದುರಾಡಿದವಳೇ ಅಲ್ಲ.

ಸಂಕ್ರಾಂತಿ ಕಳೆದು ಕೂಸನ್ನು ಎತ್ತಿಕೊಂಡು ನಾನು ಮರಳಿದಾಗ ಮನೆಯವರೆಲ್ಲ ಸಂತೋಷದಲ್ಲಿದ್ದರು. ಸಂಬಂಧ ಕುದುರಿತ್ತು. ರಾಜೇಶ್ವರಿ ಬಾಗಿಲಲ್ಲಿ ನಿಂತಿದ್ದಳು, ಕುಪ್ಪಸ ಜೋತುಬಿದ್ದಿತ್ತು, ತುಟಿಯಲ್ಲಿ ಬಣ್ಣವಿರಲಿಲ್ಲ. ಕೂಸನ್ನು ಕೊಡಹೋದರೆ, "ಕೈ ನಡುಗ್ತವೆ ಅತ್ತಿಗೆ, ಬೀಳಿಸಿಬಿಟ್ಟೇನು" ಎಂದಳು. ನಾಳೆಯೇ ವಿಮಲಮ್ಮನ ಹತ್ತಿರ ಹೋಗೋಣ ಎಂದೆ. "ಮದುವೆ ಒಂದು ಮುಗೀಲಿ. ಆಮೇಲೆ ನೀವು ಹೇಳ್ದಂಗೆ ಉಣ್ತೀನಿ." ಬಾಣಂತಿ ನಾನು, ಜಗಳಕ್ಕೆ ತ್ರಾಣವಿರಲಿಲ್ಲ. ಇದು ಸಬೂಬೋ ನಿಜವೋ ನನಗೇ ಗೊತ್ತಿಲ್ಲ.

ಇಪ್ಪತ್ತು ದಿನದ ಮೇಲೆ, ಬೆಳಗಿನ ಏಳೂವರೆಯ ಬ್ಯಾಚಿಗೆ ಕಲಿಸುತ್ತಿದ್ದಾಗ ರಾಜೇಶ್ವರಿ ಕುರ್ಚಿಯಿಂದ ಜಾರಿ ಬಿದ್ದಳು. ರೇವಣಸಿದ್ದಯ್ಯನವರು ಆಟೋ ತರಿಸುವಷ್ಟರಲ್ಲಿ ಜೀವ ಹೋಗಿತ್ತು. ಆಸ್ಪತ್ರೆಯವರು ಹೃದಯ ನಿಂತಿದೆ ಎಂದರು. ಎಷ್ಟು ಇಳಿದಿದ್ದರೂ ಅವರ ಕಣ್ಣಿಗೆ ಅವಳು ದಪ್ಪ ಹೆಂಗಸೇ, ಕಾರಣದ ಜಾಗದಲ್ಲಿ ಅತಿಯಾದ ದಪ್ಪ ಎಂದು ಬರೆದರು.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಸ್ಮಶಾನದಿಂದ ಬಂದ ನನ್ನ ಗಂಡ ಗೋಡೆಗೆ ತಲೆಯಿಟ್ಟು ಅತ್ತರು. ಹೆಣ ಭಾರಿಯಾಗಿರುತ್ತದೆ ಎಂದು ಯಾರೋ ಮೊದಲೇ ಹೇಳಿ ಗುಂಡಿಯನ್ನು ಅಗಲವಾಗಿ ತೋಡಿಸಿದ್ದರಂತೆ. ಆ ಅಗಲದಲ್ಲಿ ಕೂರಿಸಿದರೆ ಅವಳು ಒಂದು ಪಕ್ಕಕ್ಕೆ ವಾಲುತ್ತಿದ್ದಳಂತೆ. ಸುತ್ತಲೂ ವಿಭೂತಿ ಗಟ್ಟಿಗಳನ್ನು ಒತ್ತಿ ನಿಲ್ಲಿಸಬೇಕಾಯಿತಂತೆ.

ಸುದ್ದಿ ಹೇಳಲು ವಿಮಲಮ್ಮನ ಬಳಿ ನಾನೇ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉಪವಾಸದ ಮೈಗೆ ಅಂಥ ಮಾತ್ರೆ ಕೊಟ್ಟರೆ ಹೃದಯವೇ ನಿಲ್ಲಬಹುದು ಎಂದು, ಅದನ್ನು ಬರೆದುಕೊಟ್ಟ ಡಾಕ್ಟರಿಗೆ ಒಂದು ಕಾಗದ ಬರೆದರು. ಉತ್ತರ ಬರಲಿಲ್ಲ ಎಂದು ಆಮೇಲೆ ತಿಳಿಯಿತು.

ಮಾವ ಮಗಳ ಹೆಸರನ್ನೇ ಎತ್ತುತ್ತಿರಲಿಲ್ಲ. ಅತ್ತೆ ಐದಾರು ತಿಂಗಳು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಒಂದು ಮಧ್ಯಾಹ್ನ ನಾನು ಕೂಸಿಗೆ ಅನ್ನ ಕಲಸುತ್ತಿದ್ದಾಗ ಬಂದು ಎದುರಿಗೆ ಕೂತರು. ಕೂಸು ತುತ್ತಿಗೆ ಬಾಯಿ ತೆರೆಯುವುದನ್ನೇ ನೋಡುತ್ತಿದ್ದು, ತಲೆಯೆತ್ತದೆ ಕೇಳಿದರು.

"ಅವ್ಳಿಗೆ ನಿಜ್ವಾಗ್ಲೂ ಹಸಿವಾಗ್ತಿತ್ತಾ?"

"ಹೂಂ ಅತ್ತೆ. ದಿನಾ ಆಗ್ತಿತ್ತು."

ಅವರು ಅನ್ನದ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, ಕೂಸನ್ನು ತೊಡೆಯ ಮೇಲೆ ಎಳೆದುಕೊಂಡು, ತಾವೇ ಉಣಿಸತೊಡಗಿದರು.